ಲಂಕೆಗೆ ಏಳು ದಿನ: ಒಂದು ಪ್ರವಾಸದ ಪೂರ್ವಸಿದ್ಧತೆ

ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಳೆದ ಎರಡು ತಿಂಗಳಿನಿಂದ ಶ್ರೀಲಂಕೆಯ ಭೂಪಟವೊಂದು ಹಾಸಿಕೊಂಡಿದೆ. ಊಟದ ಹೊತ್ತಿಗೆ ಅದನ್ನು ಮಡಚಿಡಬೇಕು, ಊಟವಾದ ಮೇಲೆ ಮತ್ತೆ ಬಿಡಿಸಬೇಕು. ಮಡಿಕೆಗಳು ಬಿದ್ದು ಕ್ಯಾಂಡಿ ಪಟ್ಟಣದ ಮೇಲೆ ಈಗಾಗಲೇ ತೂತೊಂದು ಬಿದ್ದಿದೆ. ನಾನು, ನನ್ನ ಶ್ರೀಮತಿ, ಅವರ ತಂಗಿ ಮತ್ತು ತಂಗಿಯ ಯಜಮಾನರು, ಹೀಗೆ ನಾಲ್ವರು. ನಮಗೇ ಮೀಸಲಾದ ಒಂದು ಕಾರು, ಮಾರ್ಗದರ್ಶಿಯೂ ಆಗಿರುವ ಒಬ್ಬ ಚಾಲಕ, ಏಳು ದಿನ. ದೊಡ್ಡ ಬಸ್ಸಿನಲ್ಲಿ ನಲವತ್ತು ಜನರೊಡನೆ ಸೀಟಿ ಊದಿದಾಗ ಇಳಿದು, ಸೀಟಿ ಊದಿದಾಗ ಹತ್ತುವ ಪ್ರವಾಸ ಬೇಡವೆಂದು ಎಲ್ಲರೂ ಒಪ್ಪಿದ್ದೆವು. ಮೂವತ್ತೆರಡು ವರ್ಷ ನಾನೇ ಸೀಟಿ ಊದಿದವನು, ಸಾಕು.

ಪ್ರವಾಸದ ಏರ್ಪಾಡು ಮಾಡಿಕೊಡುವ ಸಂಸ್ಥೆಯೊಂದರಿಂದ ಮೊದಲ ವೇಳಾಪಟ್ಟಿ ಬಂತು. ಅದರ ಶಿರೋನಾಮೆ ‘ರಾಮಾಯಣ ಯಾತ್ರೆ’. ರಾವಣನ ವಿಮಾನ ಇಳಿದ ಬಯಲು, ಸೀತೆ ಕಣ್ಣೀರಿಟ್ಟ ಕೊಳ, ಹನುಮಂತನ ಹೆಜ್ಜೆ, ಸಂಜೀವಿನಿಯ ತುಣುಕು ಬಿದ್ದ ಬೆಟ್ಟ. ಶ್ರೀಮತಿಯವರಿಗೆ ಪರಮಾನಂದವಾಯಿತು. ಇತಿಹಾಸದ ಮೇಷ್ಟ್ರಾದ ನನಗೆ ಸ್ವಲ್ಪ ಮುಜುಗರವಾಯಿತು. ಈ ಬರೆಹ ಆ ಮುಜುಗರದಿಂದಲೇ ಹುಟ್ಟಿದ್ದು.

ನಾನು ರಾಮಾಯಣವನ್ನು ಹಗುರವಾಗಿ ಕಾಣುವವನಲ್ಲ. ಬಳ್ಳಾರಿಯಲ್ಲಿ ಹುಟ್ಟಿದವನಿಗೆ ಅದು ಸಾಧ್ಯವೂ ಇಲ್ಲ. ನಮ್ಮ ಮನೆಯಿಂದ ಅರವತ್ತು ಕಿಲೋಮೀಟರು ಹೋದರೆ ಹಂಪಿ. ತುಂಗಭದ್ರೆಯ ಆಚೆ ಆನೆಗೊಂದಿ. ಜನ ಅದನ್ನೇ ಕಿಷ್ಕಿಂಧೆ ಎನ್ನುತ್ತಾರೆ. ಹಾಗೆ ನೋಡಿದರೆ ಲಂಕೆಗೆ ಹೋಗುವ ಮೊತ್ತಮೊದಲ ಪ್ರವಾಸ ಯೋಜನೆ ತಯಾರಾದದ್ದು ನಮ್ಮ ನೆರೆಯಲ್ಲಿಯೇ. ಸುಗ್ರೀವನು ನಾಲ್ಕು ದಿಕ್ಕಿಗೂ ತಂಡಗಳನ್ನು ಮಾಡಿ, ಎಲ್ಲೆಲ್ಲಿ ಯಾವ ಬೆಟ್ಟ, ಯಾವ ನದಿ ಸಿಗುತ್ತದೆಂದು ವಿವರಿಸಿ, ಒಂದು ತಿಂಗಳೊಳಗೆ ಮರಳಬೇಕೆಂದು ಕಟ್ಟಪ್ಪಣೆ ಮಾಡಿದ. ಅಂಗದನ ನಾಯಕತ್ವದ ದಕ್ಷಿಣದ ತಂಡ ದಾರಿಯಲ್ಲೊಂದು ಗುಹೆಯನ್ನು ಹೊಕ್ಕು, ಹೊರಬರುವಷ್ಟರಲ್ಲಿ ಅವಧಿಯೇ ಮುಗಿದುಹೋಗಿತ್ತು. ವೇಳಾಪಟ್ಟಿಯನ್ನು ಮೀರುವ ಪ್ರವಾಸಿಗರಿಗೆ ಇದಕ್ಕಿಂತ ಹಳೆಯ ಪೂರ್ವನಿದರ್ಶನ ಬೇಕೇ?

ಆದರೆ ಆ ಲಂಕೆಯೇ ಈ ಲಂಕೆಯೇ ಎಂಬುದು ಬೇರೆ ಪ್ರಶ್ನೆ. ಕನ್ನಡಿಗರಿಗೆ ಪ್ರಿಯರಾದ ನಾಟಕಕಾರ ಕೈಲಾಸಂ ಅವರ ತಂದೆ, ನ್ಯಾಯಮೂರ್ತಿ ಟಿ. ಪರಮಶಿವ ಅಯ್ಯರ್ ಅವರು 1940ರಲ್ಲಿ ರಾಮಾಯಣ ಮತ್ತು ಲಂಕೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದು, ರಾವಣನ ಲಂಕೆ ಮಧ್ಯಭಾರತದ ಜಬಲಪುರದ ಆಸುಪಾಸಿನಲ್ಲಿತ್ತೆಂದು ವಾದಿಸಿದರು. ಪುರಾತತ್ತ್ವಜ್ಞ ಹಸ್ಮುಖ್ ಸಾಂಕಾಲಿಯಾ ಅವರೂ ಮುಂದೆ ಅದನ್ನು ಮಧ್ಯಭಾರತದಲ್ಲಿಯೇ ಹುಡುಕಿದರು. ಇದನ್ನು ನಾನು ಮನೆಯಲ್ಲಿ ಹೇಳಿದಾಗ ಶ್ರೀಮತಿಯವರು, “ಹಾಗಾದರೆ ನೀವು ಜಬಲಪುರಕ್ಕೆ ಹೋಗಿ, ನಾವು ಲಂಕೆಗೆ ಹೋಗುತ್ತೇವೆ” ಎಂದರು. ನುವಾರ ಎಲಿಯದ ಹತ್ತಿರವಿರುವ ಸೀತಾ ದೇವಾಲಯ ಪಟ್ಟಿಯಲ್ಲಿ ಭದ್ರವಾಗಿ ಉಳಿಯಿತು. ನನಗೂ ಅದಕ್ಕೆ ಆಕ್ಷೇಪವಿಲ್ಲ. ನನ್ನ ಆಕ್ಷೇಪ ಉಳಿದ ಆರು ದಿನಗಳ ಬಗ್ಗೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಬೇಕು. 1980ರ ದಶಕದ ಕೊನೆಯಲ್ಲಿ ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ಚೋಳರ ಪಾಠ ಮಾಡುತ್ತಿದ್ದೆ. ಗೋಡೆಯ ಭೂಪಟದಲ್ಲಿ ತಂಜಾವೂರಿನಿಂದ ಸಿಂಹಳಕ್ಕೆ ಒಂದು ಕೆಂಪು ಬಾಣದ ಗುರುತು. ‘ರಾಜರಾಜನು ಸಿಂಹಳವನ್ನು ಗೆದ್ದನು’ ಎಂಬ ಒಂದು ವಾಕ್ಯ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಲಂಕೆಗೂ ನಮಗೂ ರಾವಣನನ್ನು ಬಿಟ್ಟರೆ ಬೇರೆ ಸಂಬಂಧವೇ ಇಲ್ಲವಾ?” ಎಂದು ಕೇಳಿದ. “ಅದು ತಮಿಳರ ವಿಷಯ, ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆ. ಆತ ಕುಳಿತುಕೊಂಡ. ಆ ಉತ್ತರ ಸುಳ್ಳೆಂದು ನನಗೆ ತಿಳಿದದ್ದು ಈಗ, ಈ ಪ್ರವಾಸದ ನೆಪದಲ್ಲಿ, ಸಿಂಹಳದ ಪ್ರಾಚೀನ ಚರಿತ್ರೆಯಾದ ‘ಚೂಳವಂಸ’ದ ಗೈಗರ್ ಅನುವಾದವನ್ನು ತರಿಸಿಕೊಂಡು ಓದಿದಾಗ.

ಅದರಲ್ಲಿ ನಾವಿದ್ದೇವೆ, ‘ಕನ್ನಾಟ’ರೆಂಬ ಹೆಸರಿನಲ್ಲಿ. ಮೊದಲ ಭೇಟಿ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಅನುರಾಧಪುರದಲ್ಲಿ ಐದನೆಯ ಮಹಿಂದನೆಂಬ ದುರ್ಬಲ ಅರಸ. ಕೂಲಿ ಸೈನಿಕರಿಗೆ ಸಂಬಳ ಕೊಡಲಾಗದೆ, ಅವರು ದಂಗೆಯೆದ್ದಾಗ ರಾಜಧಾನಿಯನ್ನೇ ಬಿಟ್ಟು ದಕ್ಷಿಣದ ರೋಹಣಕ್ಕೆ ಓಡಿಹೋದ. ಉಳಿದ ನಾಡಿನಲ್ಲಿ ಕೇರಳರು, ಸಿಂಹಳರು ಮತ್ತು ಕನ್ನಾಟರು ಮನಬಂದಂತೆ ಆಳಿಕೊಂಡಿದ್ದರೆಂದು ಚರಿತ್ರೆಕಾರ ಬರೆಯುತ್ತಾನೆ. ಈ ಅರಾಜಕತೆಯ ಸುದ್ದಿ ಚೋಳರ ಕಿವಿಗೆ ಬಿದ್ದು, 993ರ ದಂಡಯಾತ್ರೆಗೆ ದಾರಿಯಾಯಿತು. 1017ರಲ್ಲಿ ರಾಜೇಂದ್ರನ ಸೈನ್ಯ ಮಹಿಂದನನ್ನು ಸೆರೆಹಿಡಿದು ಚೋಳನಾಡಿಗೆ ಒಯ್ದಿತು. ಸ್ತೂಪಗಳ ಗರ್ಭಗಳನ್ನು ಒಡೆದು ದೋಚಿತು. ಹನ್ನೆರಡು ವರ್ಷ ಸೆರೆಯಲ್ಲಿದ್ದು ಆತ 1029ರಲ್ಲಿ ಅಲ್ಲಿಯೇ ತೀರಿಕೊಂಡ. ನನ್ನ ಗೋಡೆಯ ಕೆಂಪು ಬಾಣ ಯಾರಿಗೆ ತಾಗಿತೆಂಬುದನ್ನು ನಾನು ಮೂರು ದಶಕಗಳ ಕಾಲ ಒಮ್ಮೆಯೂ ಹೇಳಲಿಲ್ಲ. ಬಾಣ ಹೂಡುವ ಮುನ್ನ ಬಾಗಿಲು ತೆರೆದಿಟ್ಟವರಲ್ಲಿ ನಮ್ಮ ಕಡೆಯ ಸಿಪಾಯಿಗಳೂ ಇದ್ದರೆಂಬುದು ನನಗೇ ಗೊತ್ತಿರಲಿಲ್ಲ.

ಎರಡನೆಯ ಭೇಟಿ ನನ್ನ ಮನಸ್ಸನ್ನು ಇನ್ನೂ ಬಿಟ್ಟಿಲ್ಲ. ಚೋಳರನ್ನು 1070ರ ಹೊತ್ತಿಗೆ ದ್ವೀಪದಿಂದ ಹೊರಗಟ್ಟಿದವನು ಒಂದನೆಯ ವಿಜಯಬಾಹು. ಆಗ ಚೋಳರಿಗೆ ಉತ್ತರದಲ್ಲಿದ್ದ ದೊಡ್ಡ ಎದುರಾಳಿ ಯಾರು? ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ, 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಶಕೆಯನ್ನು ಆರಂಭಿಸಿದವನು. ನಮ್ಮ ಕುರುಗೋಡಿನಿಂದ ಬಲ್ಲಕುಂದೆ ನಾಡನ್ನು ಆಳಿದ ಸಿಂದರು ಈ ಚಾಲುಕ್ಯರ ಸಾಮಂತರು. ಆದ್ದರಿಂದ ಇದು ದೂರದ ಮಾತಲ್ಲ. ಕರ್ನಾಟಕದ ಅರಸನ ದೂತರು ಕಾಣಿಕೆಗಳೊಡನೆ ವಿಜಯಬಾಹುವಿನ ಬಳಿಗೆ ಹೋದರು. ಆತನೂ ಪ್ರತಿಕಾಣಿಕೆ ಕೊಟ್ಟು, ಅವರ ಜೊತೆಯಲ್ಲಿ ತನ್ನ ದೂತರನ್ನು ಕಳುಹಿಸಿದ. ಅವರು ಚೋಳ ಸೀಮೆಯನ್ನು ದಾಟುವಾಗ ಚೋಳರು ಹಿಡಿದು, ಸಿಂಹಳದ ದೂತರ ಮೂಗು ಕಿವಿಗಳನ್ನು ಕೊಯ್ದು ಹಿಂದಕ್ಕೆ ಕಳುಹಿಸಿದರು.

ಆ ದೂತರ ಹೆಸರುಗಳನ್ನು ಗ್ರಂಥ ಹೇಳುವುದಿಲ್ಲ. ಅವರು ನಮ್ಮ ನಾಡಿಗೆ ಹೊರಟಿದ್ದವರು, ತಲುಪಲಿಲ್ಲ. ವಿಜಯಬಾಹು ಕೆರಳಿ ಚೋಳನಿಗೆ ಯುದ್ಧದ ಪಂಥಾಹ್ವಾನ ಕಳುಹಿಸಿದ. ಸೈನ್ಯ ಹಡಗು ಹತ್ತುವ ಹೊತ್ತಿಗೆ, ಸುಮಾರು 1085ರಲ್ಲಿ, ಆತನದೇ ತಮಿಳು ಕಾವಲುಪಡೆ ವೇಳೈಕ್ಕಾರರು ದಂಗೆಯೆದ್ದರು. ದಂಡನಾಯಕರನ್ನು ಕೊಂದು ಅರಮನೆಗೆ ಬೆಂಕಿಯಿಟ್ಟರು. ದಂಗೆ ಅಡಗಿತು, ಆದರೆ ಯುದ್ಧ ನಡೆಯಲೇ ಇಲ್ಲ. ವಿಚಿತ್ರವೆಂದರೆ ಅದೇ ವೇಳೈಕ್ಕಾರರು ವಿಜಯಬಾಹುವಿನ ಮರಣಾನಂತರ ಬುದ್ಧನ ದಂತಧಾತುವಿನ ಆಲಯವನ್ನು ಪ್ರಾಣವಿರುವವರೆಗೂ ಕಾಯುತ್ತೇವೆಂದು ಪ್ರತಿಜ್ಞೆ ಮಾಡಿ, ತಮಿಳಿನಲ್ಲಿ ಶಾಸನವನ್ನು ಕೆತ್ತಿಸಿದರು. ಆ ಕಲ್ಲು ಇಂದಿಗೂ ಪೊಲೊನ್ನರುವದಲ್ಲಿದೆ.

ಇನ್ನೊಂದು ಎಳೆಯೂ ಅದೇ ಊರಿಗೆ ಹೋಗುತ್ತದೆ. ‘ಐನೂರ್ವರು’ ಎಂಬ ವರ್ತಕ ಸಂಘವನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಅವರ ಮೂಲ ನೆಲೆ ಅಯ್ಯಾವೊಳೆ, ಅಂದರೆ ಬಾಗಲಕೋಟೆ ಜಿಲ್ಲೆಯ ಐಹೊಳೆ. ಮಲಪ್ರಭೆಯ ದಡದ ಆ ಊರಿನ ಹೆಸರನ್ನು ಹೊತ್ತ ವ್ಯಾಪಾರಿಗಳ ತಮಿಳು ಶಾಸನಗಳು ಶ್ರೀಲಂಕೆಯ ಪದವಿಯ, ವಹಲ್ಕಡ ಮೊದಲಾದ ಸ್ಥಳಗಳಲ್ಲಿ ದೊರೆತಿವೆ. ಐಹೊಳೆಗೆ ನಾನು ಮಕ್ಕಳನ್ನು ನಾಲ್ಕು ಬಾರಿ ಪ್ರವಾಸ ಕರೆದೊಯ್ದಿದ್ದೇನೆ. ಒಮ್ಮೆಯೂ ಇದನ್ನು ಹೇಳಿರಲಿಲ್ಲ.

ಸಂಸ್ಥೆಯ ವೇಳಾಪಟ್ಟಿಯಲ್ಲಿ ಪೊಲೊನ್ನರುವಕ್ಕೆ ಮೀಸಲಾಗಿದ್ದುದು ಎರಡು ಗಂಟೆ. ಪಕ್ಕದ ಸಾಲಿನಲ್ಲಿ ಸಾಂಬಾರ ತೋಟಕ್ಕೆ ಒಂದೂವರೆ ಗಂಟೆ, ರತ್ನದ ಅಂಗಡಿಗೆ ಒಂದು ಗಂಟೆ. ನಾನು ಅಂಗಡಿ, ತೋಟಗಳೆರಡನ್ನೂ ಹೊಡೆದುಹಾಕಿ ಪೊಲೊನ್ನರುವಕ್ಕೆ ಇಡೀ ದಿನ ಎಂದು ಬರೆದು ಕಳುಹಿಸಿದೆ. ಅಲ್ಲಿಂದ ಫೋನು ಬಂತು: “ಅಲ್ಲಿ ಇಡೀ ದಿನ ಏನು ಮಾಡುತ್ತೀರಿ?”

ಏನು ಮಾಡುವುದೆಂದರೆ, ಬೆಳಿಗ್ಗೆ ಚೋಳರು ಕಟ್ಟಿಸಿದ ವಾನವನ್‌ಮಾದೇವಿ ಈಶ್ವರಂ ಎಂಬ ಶಿವಾಲಯವನ್ನು ನೋಡುವುದು, ಗೆದ್ದವರೂ ಕಟ್ಟಿ ಹೋದರೆಂಬುದಕ್ಕೆ ಸಾಕ್ಷಿಯಾಗಿ. ಆಮೇಲೆ ವೇಳೈಕ್ಕಾರರ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು. ಬಿಸಿಲಿಳಿದ ಮೇಲೆ ಗಲ್ ವಿಹಾರದ ಬುದ್ಧಮೂರ್ತಿಗಳು. ಸಂಜೆ ಪರಾಕ್ರಮಬಾಹು (1153–1186) ವಿಸ್ತರಿಸಿ ಕಟ್ಟಿಸಿದ ಪರಾಕ್ರಮ ಸಮುದ್ರವೆಂಬ ಕೆರೆಯ ಏರಿಯ ಮೇಲೆ ನಡೆದಾಡುವುದು. ವಿಜಯನಗರದ ಕಾಲದ ಕಾಲುವೆಯ ನೀರಿನಿಂದ ಬತ್ತ ಬೆಳೆಯುವ ಸಿರುಗುಪ್ಪದ ಸೀಮೆಯವರಿಗೆ ಕೆರೆಯ ಏರಿಯನ್ನು ಹೇಗೆ ನೋಡಬೇಕೆಂದು ಯಾರೂ ಕಲಿಸಬೇಕಿಲ್ಲ.

ಉಳಿದ ದಿನಗಳ ಲೆಕ್ಕ ಬೇಗ ಮುಗಿಯಿತು. ಬಳ್ಳಾರಿಯಿಂದ ರಾತ್ರಿಯ ರೈಲು, ಬೆಂಗಳೂರಿನಿಂದ ಸುಮಾರು ಒಂದೂವರೆ ಗಂಟೆಯ ವಿಮಾನ. ಮೊದಲ ದಿನ ಇಳಿದವರೇ ಅನುರಾಧಪುರ. ಎರಡನೆಯ ದಿನ ಅಲ್ಲಿಯ ಬೋಧಿವೃಕ್ಷ, ಜೇತವನದ ಮಹಾಸ್ತೂಪ. ಮೂರನೆಯ ದಿನ ಪೊಲೊನ್ನರುವ. ಸುಮಾರು ಸಾವಿರದಿನ್ನೂರು ಮೆಟ್ಟಿಲುಗಳ ಸಿಗಿರಿಯವನ್ನು ನಮ್ಮ ಎಂಟು ಮಂಡಿಗಳ ಸಭೆ ಸರ್ವಾನುಮತದಿಂದ ಕೈಬಿಟ್ಟಿತು. ಕೆಳಗಿನಿಂದಲೇ ನಮಸ್ಕಾರ. ನಾಲ್ಕನೆಯ ದಿನ ಕ್ಯಾಂಡಿ. ಅಲ್ಲಿಯ ಕೊನೆಯ ಅರಸು ಮನೆತನ ಮಧುರೆಯ ಕಡೆಯ ನಾಯಕರದು, ಅಂದರೆ ವಿಜಯನಗರದ ಬೇರಿನಿಂದ ಒಡೆದ ಚಿಗುರು. 1815ರಲ್ಲಿ ಪದಚ್ಯುತನಾದ ಶ್ರೀ ವಿಕ್ರಮ ರಾಜಸಿಂಹನನ್ನು ಆಂಗ್ಲರು ತಂದಿರಿಸಿದ್ದು ವೆಲ್ಲೂರಿನ ಕೋಟೆಯಲ್ಲಿ. ಟಿಪ್ಪುವಿನ ಮಕ್ಕಳನ್ನು 1806ರ ದಂಗೆಯವರೆಗೆ ಇರಿಸಿದ್ದ ಅದೇ ಕೋಟೆ. ಆತ 1832ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದ.

ಐದನೆಯ ದಿನ ಚಹಾದ ಬೆಟ್ಟಗಳು, ಸೀತಾ ದೇವಾಲಯ. ಚಹಾ ತೋಟವನ್ನು ನೋಡುವಾಗ ಎಲೆ ಕೀಳುವ ಹೆಂಗಸರೊಡನೆ ಭಾವಚಿತ್ರ ತೆಗೆಸಿಕೊಳ್ಳುವ ಪದ್ಧತಿಯಿದೆಯಂತೆ, ನಮಗದು ಬೇಡವೆಂದಿದ್ದೇನೆ. ಆ ಕುಟುಂಬಗಳ ಹಿರಿಯರು ತಮಿಳುನಾಡಿನ ಬರದ ಸೀಮೆಗಳಿಂದ ಹೋದವರು. 1948ರ ಕಾಯಿದೆ ಅವರನ್ನು ಪೌರತ್ವವಿಲ್ಲದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಒಪ್ಪಂದದಂತೆ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಲೋನೂ ಹಂಚಿಕೊಂಡವು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದರು. ಆ ಕಡೆ ಕೆಲಸ ಮಾಡಿದ ನನ್ನ ಸಹೋದ್ಯೋಗಿಯೊಬ್ಬರು, ಹಾಜರಿ ಪುಸ್ತಕದಲ್ಲಿ ಹುಡುಗಿಯೊಬ್ಬಳ ತಂದೆಯ ಊರು ‘ಹ್ಯಾಟನ್’ ಎಂದಿದ್ದುದನ್ನು ನೋಡಿ ಇಂಗ್ಲೆಂಡಿನ ಊರೆಂದು ಭಾವಿಸಿದ್ದರಂತೆ.

ಆರನೆಯ ದಿನ ದಿಯತಲಾವದ ಮೇಲಿನಿಂದ ದಕ್ಷಿಣ ತೀರಕ್ಕೆ. ಈ ಹೆಸರನ್ನು ಪಟ್ಟಿಗೆ ಸೇರಿಸಿದ್ದು ಬಳ್ಳಾರಿಯವನೆಂಬ ಹಟದಿಂದ. 1899–1902ರ ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕದಿಂದ ಸೆರೆಹಿಡಿದು ತಂದ ರೈತರಲ್ಲಿ ಸುಮಾರು ಐದು ಸಾವಿರ ಮಂದಿಯನ್ನು ಸಿಲೋನಿನಲ್ಲಿ ಇರಿಸಿದರು. ಅಲ್ಲಿಯ ಮುಖ್ಯ ಶಿಬಿರ ದಿಯತಲಾವ. ಭಾರತಕ್ಕೆ ತಂದವರನ್ನು ಇರಿಸಿದ ಊರುಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಅಲ್ಲಿ ತಂಪು ಬೆಟ್ಟ, ಇಲ್ಲಿ ಬಿಸಿಲಿಗೆ ಕಾದ ಬಂಡೆ. ಯಾವ ಕೈದಿಗೆ ಯಾವ ಹಣೆಬರಹವೋ! ದಿಯತಲಾವ ಇಂದು ಸೇನೆಯ ಊರು. ಒಳಗೆ ಬಿಡಲಾರರು, ರಸ್ತೆಯಿಂದಲೇ ನೋಡಿ ಮುಂದೆ ಸಾಗಬೇಕು. ಏಳನೆಯ ದಿನ ಗಾಲ್ ಕೋಟೆ, ಕೊಲಂಬೊ ವಸ್ತುಸಂಗ್ರಹಾಲಯ, ರಾತ್ರಿಯ ವಿಮಾನ. ಚೀನೀ, ತಮಿಳು, ಪಾರಸಿ ಮೂರು ಭಾಷೆಗಳಲ್ಲಿರುವ ಜೆಂಗ್ ಹೆ ನೌಕಾಧಿಪತಿಯ ಕಲ್ಲು ಸಿಕ್ಕಿದ್ದು ಗಾಲ್‌ನಲ್ಲಿ, ಇರುವುದು ಆ ಸಂಗ್ರಹಾಲಯದಲ್ಲಿ.

ಹೊರಡುವವರಿಗೆ ಅನುಭವಸ್ಥರಿಂದ ಕೇಳಿ ತಿಳಿದ ಎರಡು ಮಾತು. ಅಲ್ಲಿ ಎರಡು ಮಳೆಗಾಲಗಳಿವೆ. ಮೇ ತಿಂಗಳಿನಿಂದ ಪಶ್ಚಿಮ ಮತ್ತು ದಕ್ಷಿಣಕ್ಕೆ, ನವೆಂಬರಿನಿಂದ ಉತ್ತರ ಮತ್ತು ಪೂರ್ವಕ್ಕೆ. ದ್ವೀಪವನ್ನು ಸುತ್ತುವವರಿಗೆ ಜನವರಿಯ ಕೊನೆಯಿಂದ ಮಾರ್ಚಿಯವರೆಗೆ ಅನುಕೂಲ. ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ರಜಾದಿನ. ಅಂದು ಅನುರಾಧಪುರದಲ್ಲಿ ಜನಸಾಗರ. ಗುಡಿಗಳಲ್ಲಿ ಚಪ್ಪಲಿಯ ಜೊತೆಗೆ ಟೋಪಿಯನ್ನೂ ತೆಗೆಯಬೇಕು, ಆದ್ದರಿಂದ ಕಾದ ಕಲ್ಲಿಗೆ ದಪ್ಪ ಕಾಲುಚೀಲ ಇರಲಿ.

ಮೊನ್ನೆ ನಮ್ಮ ಚಾಲಕ ಮಾರ್ಗದರ್ಶಿಯೊಡನೆ ಮೊದಲ ಬಾರಿ ಮಾತನಾಡಿದೆ. ವೇಳೈಕ್ಕಾರರ ಶಾಸನ ನೋಡಬೇಕೆಂದೆ. ಆತ ಕ್ಷಣ ಸುಮ್ಮನಿದ್ದು, ಇಷ್ಟು ವರ್ಷಗಳಲ್ಲಿ ಭಾರತದಿಂದ ಬಂದ ಯಾರೂ ಅದನ್ನು ಕೇಳಿರಲಿಲ್ಲ, ರಾವಣನ ಗುಹೆಯನ್ನೇ ಕೇಳುತ್ತಾರೆ, ಎಂದ. ನಾನು ಮೂಗು ಕಿವಿ ಕಳೆದುಕೊಂಡ ದೂತರ ಕಥೆ ಗೊತ್ತೇ ಎಂದೆ. ಗೊತ್ತು, ಎಂದ, ಆದರೆ ಅವರು ಹೊರಟಿದ್ದು ನಿಮ್ಮ ಊರಿಗೆಂದು ತಿಳಿದಿರಲಿಲ್ಲ.

ವೇಳಾಪಟ್ಟಿಯ ಅಂತಿಮ ಪ್ರತಿ ಈಗ ಭೂಪಟದ ಪಕ್ಕದಲ್ಲಿದೆ. ಮೂರನೆಯ ದಿನದ ಎದುರಿಗೆ ‘ಪೊಲೊನ್ನರುವ, ಇಡೀ ದಿನ’ ಎಂದು ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅದರ ಕೆಳಗೆ ಶ್ರೀಮತಿಯವರು ನೀಲಿ ಶಾಯಿಯಲ್ಲಿ, ‘ಮಧ್ಯಾಹ್ನ ಎರಡು ಗಂಟೆ ವಿಶ್ರಾಂತಿ ಕಡ್ಡಾಯ, ಶಾಸನವಿದ್ದರೂ ಸರಿ’ ಎಂದು ಸೇರಿಸಿದ್ದಾರೆ.