ತೀನ್ ಮೂರ್ತಿಯಲ್ಲಿ ನಿಂತ ಮೈಸೂರಿನ ಸವಾರ

ದೆಹಲಿಯ ತೀನ್ ಮೂರ್ತಿ ಎಂದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ನೆಹರೂ ವಾಸವಿದ್ದ ಬಂಗಲೆ. ಆದರೆ ಆ ಹೆಸರು ಮೂಲದಲ್ಲಿ ಬಂಗಲೆಯದಲ್ಲ, ಅದರೆದುರಿನ ವೃತ್ತದಲ್ಲಿರುವ ಮೂವರು ಕಂಚಿನ ಸೈನಿಕರದು. ರಾಬರ್ಟ್ ಟಾರ್ ರಸೆಲ್ ವಿನ್ಯಾಸದ ಬಂಗಲೆ ಬ್ರಿಟಿಷ್ ಸೇನಾಧಿಪತಿಗೆಂದು ಎದ್ದದ್ದು 1930ರ ಸುಮಾರಿಗೆ. ಲಿಯೊನಾರ್ಡ್ ಜೆನ್ನಿಂಗ್ಸ್ ರೂಪಿಸಿದ ಪ್ರತಿಮೆಗಳು ಅದಕ್ಕೂ ಹಲವು ವರ್ಷ ಹಿಂದಿನವು. ಬಿಳಿಗಲ್ಲಿನ ಸ್ತಂಭಕ್ಕೆ ಬೆನ್ನು ಕೊಟ್ಟು, ಭರ್ಜಿ ಹಿಡಿದು, ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ: ಹೈದರಾಬಾದಿನವನೊಬ್ಬ, ಜೋಧಪುರದವನೊಬ್ಬ, ನಮ್ಮ ಮೈಸೂರಿನವನೊಬ್ಬ. ಮೂವರೂ ಅಶ್ವದಳದವರು; ಕುದುರೆ ಮಾತ್ರ ಒಂದೂ ಇಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ಸಂಸ್ಥಾನದ ಅಶ್ವದಳವೂ ಹಡಗು ಹತ್ತಿತು. ಮೂರು ಸಂಸ್ಥಾನಗಳ ಸವಾರರು ಸೇರಿದ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡು ಮೊದಲು ಸೂಯೆಜ್ ಕಾಲುವೆ ಕಾದು, ಕೊನೆಗೆ ಸಿರಿಯಾದ ಅಲೆಪ್ಪೊವರೆಗೂ ಹೋಯಿತು.

ಆ ದಾರಿಯಲ್ಲೇ, ಪ್ಯಾಲೆಸ್ತೀನಿನ ಹೈಫಾದಲ್ಲಿ ತುರ್ಕರೊಡನೆ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು. ಊರಿಗೆ ಹೋಗುವ ದಾರಿಯ ಒಂದು ಮಗ್ಗುಲಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದರಲ್ಲಿ ಕಿಶೋನ್ ಹೊಳೆಯ ಹುದುಲು. ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯುವ ಕೆಲಸ ಮೈಸೂರು ಸವಾರರ ಪಾಲಿಗೆ ಬಂತು. ಮಧ್ಯಾಹ್ನ 2 ಗಂಟೆಗೆ ಜೋಧಪುರದವರು ಊರಿನ ಕಡೆ ಕುದುರೆ ಬಿಟ್ಟರು. ಹೊಳೆದಂಡೆಯ ಉಸುಬಿನಲ್ಲಿ ಕಾಲೂರಲಾಗದೆ ಎಡಕ್ಕೆ ಹೊರಳಿ, ಬೆಟ್ಟದ ಬುಡದಲ್ಲಿದ್ದ ಮೆಷಿನ್‌ಗನ್ನುಗಳ ಮೇಲೇ ನುಗ್ಗಿದರು. ಸೆರೆ ಸಿಕ್ಕವರು 1,350 ಮಂದಿ, ಫಿರಂಗಿಗಳು 17. ಜೋಧಪುರದ ಮೇಜರ್ ದಳಪತ್ ಸಿಂಗ್ ಸೇರಿ ಸತ್ತವರು 8, ಗಾಯಗೊಂಡವರು 34. ಕುದುರೆಗಳ ಲೆಕ್ಕ ಬೇರೆ: 60 ಸತ್ತವು, 83 ಗಾಯಗೊಂಡವು. ಗುಂಡಿಗೆ ಮೈಯೊಡ್ಡಿದ್ದು ಹೆಚ್ಚಾಗಿ ಅವೇ.

2018ರ ಜನವರಿಯಲ್ಲಿ, ಇಸ್ರೇಲಿನ ಪ್ರಧಾನಿ ದೆಹಲಿಗೆ ಬಂದಾಗ, ಈ ವೃತ್ತ ‘ತೀನ್ ಮೂರ್ತಿ ಹೈಫಾ ಚೌಕ್’ ಆಯಿತು. ನನ್ನ ತಕರಾರು ಇರುವುದು ಇಲ್ಲಿಯೇ. ಹೈಫಾದ ದಾಳಿ ಮಾಡಿದ್ದು ಮೈಸೂರು, ಜೋಧಪುರದ ಪಡೆಗಳು, ಹೈದರಾಬಾದಿನವರು ಅದರಲ್ಲಿರಲಿಲ್ಲ. ಸ್ಮಾರಕ ಕಟ್ಟಿದ್ದು ಒಂದು ಮಧ್ಯಾಹ್ನದ ಗೆಲುವಿಗಲ್ಲ, ಸಿನಾಯ್, ಪ್ಯಾಲೆಸ್ತೀನ್, ಸಿರಿಯಾಗಳಲ್ಲಿ ವರ್ಷಗಟ್ಟಲೆ ನಡೆದ ದಂಡಯಾತ್ರೆಯಲ್ಲಿ ಮಡಿದವರೆಲ್ಲರಿಗೆ. ಹೆಸರು ಬದಲಾದ ಮೇಲೆ ಮೂರನೆಯ ಮೂರ್ತಿ ತನ್ನದೇ ಸ್ಮಾರಕದಲ್ಲಿ ನೆಂಟನಂತೆ ನಿಂತಿದೆ.

ಮೈಸೂರಿನವರಿಗೂ ಇದರಿಂದ ನಷ್ಟವಾಗಿದೆ. 1918ರ ಅಕ್ಟೋಬರ್ 26ರಂದು ಅಲೆಪ್ಪೊದ ಉತ್ತರಕ್ಕಿರುವ ಹರಿತಾನ್ ಬಳಿ ಮೈಸೂರು, ಜೋಧಪುರದ ಸವಾರರು ಮತ್ತೆ ದಾಳಿಗಿಳಿದರು. ಅಲ್ಲಿ ಸತ್ತವರು 21. ಗೆಲುವೆಂದು ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಾಲ್ಕೇ ದಿನದಲ್ಲಿ, 30ರಂದು, ತುರ್ಕರೊಡನೆ ಕದನವಿರಾಮಕ್ಕೆ ಸಹಿ ಬಿತ್ತು. ಹೈಫಾದ ಕಥೆ ಹೇಳುವವರು ಹರಿತಾನಿನವರೆಗೆ ಹೋಗುವುದು ಅಪರೂಪ.

ಬೆಂಗಳೂರಿನ ಜೆ.ಸಿ. ನಗರದ ಬಳಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ಮೂರ್ತಿಯಿಲ್ಲದ ಕಲ್ಲಿನ ಸ್ತಂಭ. ಪಡೆ ಮಾತ್ರ 1953ರಲ್ಲಿ ಬೇರೆ ಸಂಸ್ಥಾನಗಳ ಸವಾರರೊಡನೆ 61ನೇ ಕ್ಯಾವಲ್ರಿಯಲ್ಲಿ ಬೆರೆತುಹೋಯಿತು.