ಸ್ಥಳಾಕೃತಿ ನಕ್ಷೆಗಳೂ ಮನೆತನಗಳ ಇತಿಹಾಸವೂ

ಒಂದು ನಾಡಿನ ಚರಿತ್ರೆಯು ಅರಸರ ವಂಶಾವಳಿಯಲ್ಲಿಯೂ ಯುದ್ಧಗಳ ವೃತ್ತಾಂತದಲ್ಲಿಯೂ ಮುಗಿದುಹೋಗತಕ್ಕುದಲ್ಲ. ಒಂದೊಂದು ಊರಿಗೂ ಒಂದೊಂದು ಮನೆತನಕ್ಕೂ ಅದರದೇ ಆದ ಪೂರ್ವೋತ್ತರವುಂಟು. ಅರಸರ ದಾನಧರ್ಮಗಳನ್ನು ಕಲ್ಲು ಹೇಳುವುದು. ಉತ್ತು ಬಿತ್ತಿ ಬಾಳಿದ ಒಕ್ಕಲಿನ ನೆಲೆಯನ್ನು ಹೇಳುವವರು ವಿರಳ. ಅದನ್ನು ಅರಸುವವರಿಗೆ ದೊಡ್ಡ ನೆರವಾಗಬಲ್ಲ ಸಾಧನವೊಂದುಂಟು. ಅದೇ ಹಳೆಯ ಸ್ಥಳಾಕೃತಿ ನಕ್ಷೆ.

ಭಾರತೀಯ ಸರ್ವೇಕ್ಷಣ ಇಲಾಖೆಯು 1767ರಲ್ಲಿ ಸ್ಥಾಪಿತವಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ಕೈಸೇರಿದ ಬಳಿಕ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡನು. ಆತನು ನೆಲವನ್ನು ಅಳೆದುದಲ್ಲದೆ ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಿದನು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಹಳಗನ್ನಡದ ಶಾಸನಗಳನ್ನು ಓದುವುದರಲ್ಲಿ ಆತನಿಗೆ ಸಹಾಯಕರಾಗಿದ್ದರು. ನೆಲದ ಅಳತೆಯೂ ಜನರ ನೆನಪೂ ಜೊತೆಗೂಡಿದಲ್ಲದೆ ಊರಿನ ಚರಿತ್ರೆ ಪೂರ್ಣವಾಗದೆಂಬುದನ್ನು ಆ ಕಾರ್ಯವೇ ತೋರಿಸಿಕೊಟ್ಟಿತು.

1905ರ ತರುವಾಯ ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ಹೊಸ ಹಾಳೆಗಳು ಸಿದ್ಧವಾಗತೊಡಗಿದುವು. ಇವುಗಳಲ್ಲಿ ನೀರಿಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿಯ ಭೂಮಿಗೆ ಹಳದಿ, ಮನೆಗಳಿಗೂ ದಾರಿಗಳಿಗೂ ಕೆಂಪು, ನೆಲದ ಏರುತಗ್ಗುಗಳಿಗೆ ಕಂದು ಗೆರೆ ಎಂಬ ಕ್ರಮವುಂಟು. ಕೆರೆ, ಬಾವಿ, ಗುಡಿ, ಕಾಲುದಾರಿ, ಹೊಳೆ ದಾಟುವ ಕಡವು ಇವೆಲ್ಲಕ್ಕೂ ಗುರುತುಗಳುಂಟು. ಅಳೆದ ವರ್ಷವನ್ನು ಅಂಚಿನಲ್ಲಿ ನಮೂದಿಸಿರುವುದರಿಂದ, ಆ ಹಾಳೆಯು ಯಾವ ಕಾಲದ ಸಾಕ್ಷಿಯೆಂಬುದೂ ತಿಳಿದುಬರುವುದು.

ಇಂತಹ ಸಾಕ್ಷಿಯ ಬೆಲೆಯನ್ನು ಅರಿಯಬೇಕಾದರೆ ಶರಾವತಿಯ ಕಣಿವೆಯತ್ತ ನೋಡಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಸುಮಾರು 300 ಚದರ ಕಿಲೋಮೀಟರು ಭೂಮಿ ಮುಳುಗಿತು. ಗದ್ದೆ ತೋಟಗಳೂ ಮನೆ ಗುಡಿಗಳೂ ಜಲಗತವಾದುವು. ಅದಕ್ಕೆ ಮೊದಲು ಮಡೆನೂರಿನ ಬಳಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಆ ನೀರಿನಲ್ಲಿಯೇ ಅಡಗಿತು. ಇತ್ತಣ ದಡದಿಂದ ಅತ್ತಣ ದಡಕ್ಕೆ ಜನರು ದಶಕಗಳ ಕಾಲ ಲಾಂಚನ್ನೇ ನೆಚ್ಚಿದ್ದರು. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ರಲ್ಲಿ. ಮುಳುಗಡೆಯಾದವರಿಗೆ ಪುನರ್ವಸತಿಯ ಭೂಮಿಯ ಹಕ್ಕುಪತ್ರಗಳ ಚಿಂತೆಯೂ ದಶಕಗಳ ಕಾಲ ತಪ್ಪಲಿಲ್ಲ. ಹೀಗೆ ಚದುರಿಹೋದ ಮನೆತನಗಳ ಮೊಮ್ಮಕ್ಕಳಿಗೆ ಮೂಲಸ್ಥಳವೆಂಬುದು ಹಿರಿಯರ ಬಾಯಿಂದ ಕೇಳಿದ ಒಂದು ಹೆಸರು ಮಾತ್ರವಾಗಿದೆ.

ಆ ಹೆಸರಿಗೆ ನೆಲೆ ದೊರಕಿಸುವ ಬಗೆ ಹೀಗೆ. ಲಿಂಗನಮಕ್ಕಿಯು 48 ಜೆ/16 ಎಂಬ ಸಂಖ್ಯೆಯ ಹಾಳೆಯಲ್ಲಿ ಬರುವುದು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಹಳೆಯ ಹಾಳೆಗಳಲ್ಲಿ ಕಂದು ಗೆರೆಗಳನ್ನು ಸಾಮಾನ್ಯವಾಗಿ 50 ಅಡಿಗೊಂದರಂತೆ ಎಳೆದಿರುವುದರಿಂದ, ಅಣೆಕಟ್ಟಿಗೆ ಹಿಂದಿನ ಹಾಳೆಯಲ್ಲಿ 1800 ಅಡಿಯ ಗೆರೆಯನ್ನು ಬೆರಳಿನಿಂದ ಅನುಸರಿಸಿದರೆ ಅದರ ಒಳಗಣ ಊರುಗಳೆಲ್ಲ ಮುಳುಗಿದುವೆಂದು ತಿಳಿಯಬಹುದು. ಹಿರಿಯರು ಹೇಳುವ ಕಡವು, ಗುಡಿ, ಗುಡ್ಡದ ತಿರುವುಗಳನ್ನು ಅದರೊಡನೆ ಹೋಲಿಸಬೇಕು. ಬಳಿಕ ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರನ್ನು ಹುಡುಕಬೇಕು. ಆಗ ಅಜ್ಜನ ಗದ್ದೆಯ ಅಂಚು ಸಹ ಗೋಚರಿಸಬಹುದು.

ಆದರೆ ನಕ್ಷೆಯನ್ನು ಕುರುಡಾಗಿ ನಂಬಲಾಗದು. ಊರ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದುದರಿಂದ ಲಕಾರ ಳಕಾರಗಳ, ನಕಾರ ಣಕಾರಗಳ ಭೇದ ಅಳಿಸಿಹೋಗಿರುವುದು. ಅಳೆದ ದಿನ ಕಂಡುದನ್ನಷ್ಟೇ ನಕ್ಷೆ ಹೇಳುತ್ತದೆ. ಆ ಮನೆಯಲ್ಲಿ ವಾಸಿಸಿದವರು ಯಾರು, ಗದ್ದೆಯ ಒಡೆಯನಾರು, ಗೇಣಿದಾರನಾರು ಎಂಬುದನ್ನು ಅದು ಹೇಳದು. ಅದಕ್ಕೆ ಕಂದಾಯದ ಕಡತಗಳೂ ಶಾಸನಗಳೂ ವೃದ್ಧರ ಮಾತೂ ಬೇಕು. ಇವುಗಳಲ್ಲಿ ಕಡತವೂ ಕಲ್ಲೂ ಕಾದಾವು. ವೃದ್ಧರ ನೆನಪು ಕಾಯದು.

ಜನವಸತಿಯಿಲ್ಲದ ಗ್ರಾಮವನ್ನು ಕಂದಾಯದ ಲೆಕ್ಕಗಳಲ್ಲಿ ‘ಬೇಚರಾಕ್’ ಎಂದು ಬರೆಯುವ ವಾಡಿಕೆಯುಂಟು. ಪಾರಸಿಯಿಂದ ಬಂದ ಈ ಮಾತಿಗೆ ದೀಪವಿಲ್ಲದುದು ಎಂದರ್ಥ. ದೀಪವಾರಿದ ಮಾತ್ರಕ್ಕೆ ಊರು ಇರಲೇ ಇಲ್ಲವೆಂದಾಗದು. ಆದುದರಿಂದ ಹಳೆಯ ಹಾಳೆಯನ್ನು ಹಿರಿಯರ ಮುಂದೆ ಬಿಡಿಸಿ, ಅವರು ಹೇಳಿದ ಮನೆಗಳ ಹೆಸರನ್ನೂ ದಾರಿಗಳ ಹೆಸರನ್ನೂ ಆಯಾ ಸ್ಥಳದಲ್ಲಿಯೇ ಗುರುತುಮಾಡಿ ಇಡುವುದು ಪ್ರತಿಯೊಂದು ಮನೆತನದ ಕಿರಿಯರಿಗೆ ಸೇರಿದ ಕರ್ತವ್ಯವಾಗಿದೆ.