ಕರಾವಳಿ ಮಲೆನಾಡುಗಳ ಬಚ್ಚಲುಮನೆ: ಬೂಷ್ಟಿನ ನಿವಾರಣೆಯ ಇತಿಹಾಸ

ಅರಸರ ಸ್ನಾನದ ವಿಚಾರವಾಗಿ ನಮಗೆ ಲಿಖಿತ ಆಧಾರಗಳುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸ್ನಾನವು ರಾಜಭೋಗಗಳಲ್ಲೊಂದಾಗಿ ಗಣಿತವಾಗಿದೆ. ಸಾಮಾನ್ಯ ಗೃಹಸ್ಥನ ಬಚ್ಚಲುಮನೆಯ ವಿಷಯದಲ್ಲಾದರೋ ಗ್ರಂಥಗಳಿಗಿಂತ ಕಟ್ಟಡಗಳೂ ಆಚಾರಗಳೂ ಹೆಚ್ಚಿನ ಸಾಕ್ಷ್ಯವನ್ನು ನುಡಿಯುತ್ತವೆ. ಕರಾವಳಿ ಮಲೆನಾಡುಗಳ ಹಳೆಯ ಮನೆಗಳು ಬೂಷ್ಟನ್ನು ಹೇಗೆ ದೂರವಿರಿಸಿದ್ದುವು, ಆ ವ್ಯವಸ್ಥೆಯು ಹೇಗೆ ಸಡಿಲವಾಯಿತು ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ, ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ. ಇದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕು ತಿಂಗಳುಗಳದು. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ಇದ್ದೇ ಇರುವುವು. ಅವು ಬೇರೂರಲು ಬೇಕಾದದ್ದು ಬಹುಕಾಲ ಆರದ ತೇವ ಮತ್ತು ಅಲ್ಪಸ್ವಲ್ಪ ಆಹಾರ. ಆದುದರಿಂದ ಈ ಪ್ರದೇಶದ ಸಮಸ್ಯೆಯು ಬೀಜವನ್ನು ತಡೆಯುವುದಲ್ಲ, ಗೋಡೆಯನ್ನು ಒಣಗಿಸುವುದು.

ಹಳೆಯ ಬಚ್ಚಲುಮನೆಯು ಸಾಮಾನ್ಯವಾಗಿ ಮುಖ್ಯಗೃಹದ ಹಿಂಬದಿಗೋ ಅದರಿಂದ ಬೇರೆಯಾಗಿಯೋ ಇರುತ್ತಿದ್ದಿತು. ಅಲ್ಲಿ ನೀರು ಕಾಯಿಸುವ ಹಂಡೆಗೆ ಒಲೆಯುಂಟು. ಮಳೆಗಾಲದಲ್ಲಿ ಅದರ ಕೆಂಡವು ಬಹುಹೊತ್ತು ಆರದು. ಕೆಂಡದ ಕಾವು ಗೋಡೆಯ ತೇವವನ್ನು ಹೀರಿದರೆ, ಹೊಗೆಯಲ್ಲಿನ ದ್ರವ್ಯಗಳು ಬೂಷ್ಟಿನ ಬೆಳವಣಿಗೆಗೆ ಅಡ್ಡಿಯಾಗುತ್ತಿದ್ದುವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಹಂಚಿನ ಮಾಡು ಬಳಕೆಗೆ ಬಂದಾಗಲೂ ಈ ಕ್ರಮಕ್ಕೆ ಭಂಗ ಬರಲಿಲ್ಲ. ಹಂಚುಗಳ ಸಂದಿನಿಂದ ಹೊಗೆಯೂ ಹಬೆಯೂ ಹೊರಬೀಳುತ್ತಿದ್ದುವು.

ಎರಡನೆಯ ಸಾಧನ ಸುಣ್ಣ. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವ ರೂಢಿಯಿದ್ದಿತು. ಹೊಸದಾಗಿ ಬಳಿದ ಸುಣ್ಣವು ತೀವ್ರವಾದ ಕ್ಷಾರ. ಅದರಲ್ಲಿ ಬೂಷ್ಟು ಬದುಕಲಾರದು. ಆದರೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ಅದು ಕ್ರಮೇಣ ಸುಣ್ಣಕಲ್ಲಿನ ಗುಣವನ್ನೇ ಪಡೆಯುವುದರಿಂದ ಕ್ಷಾರವು ಕುಗ್ಗುತ್ತದೆ. ಪುನಃ ಪುನಃ ಬಳಿಯುವುದು ಅನಿವಾರ್ಯ. ಮಳೆಗಾಲ ಮುಗಿದೊಡನೆ ಬರುವ ದೀಪಾವಳಿಯ ನೀರು ತುಂಬುವ ಹಬ್ಬದಂದು ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸುವ ಆಚಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಬ್ಬದ ಮೂಲವೇ ಇದೆಂದು ನಾವು ಹೇಳುವುದಿಲ್ಲ. ನಾಲ್ಕು ತಿಂಗಳ ತೇವದ ಕೊಳೆಯನ್ನು ಕಳೆಯುವ ಕೆಲಸಕ್ಕೆ ಅದು ತಪ್ಪದ ತಿಥಿಯೊಂದನ್ನು ಒದಗಿಸಿತೆಂಬುದು ಮಾತ್ರ ಸ್ಪಷ್ಟ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆ ಒಂದೊಂದಾಗಿ ಕಳಚಿತು. ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿತು. ಹಂಚಿನ ಸ್ಥಾನಕ್ಕೆ ಕಾಂಕ್ರೀಟಿನ ತಾರಸಿ, ಒಲೆಯ ಸ್ಥಾನಕ್ಕೆ ವಿದ್ಯುತ್ತಿನ ಗೀಸರು, ಸುಣ್ಣದ ಸ್ಥಾನಕ್ಕೆ ಬಣ್ಣ ಬಂದುವು. ಬಿಸಿನೀರು ಉಳಿಯಿತು, ಒಣಗಿಸುವ ಬೆಂಕಿ ಹೋಯಿತು. ಹಬೆಯು ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಸಾಬೂನಿನ ಜಿಡ್ಡೇ ಬೂಷ್ಟಿಗೆ ಆಹಾರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮನೆಯೊಳಗಿನ ತೇವ ಬೂಷ್ಟುಗಳಿಗೂ ಉಬ್ಬಸವೇ ಮೊದಲಾದ ಶ್ವಾಸರೋಗಗಳಿಗೂ ಸಂಬಂಧವುಂಟೆಂದು ತಿಳಿಸಿರುವುದರಿಂದ ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ.

ಹೀಗೆಂದು ಹಳೆಯದನ್ನೆಲ್ಲ ಕೊಂಡಾಡುವುದೂ ಸಲ್ಲದು. ಆ ಹೊಗೆಯು ಗೋಡೆಯನ್ನು ಕಾಪಾಡಿದರೂ ಒಲೆಯ ಮುಂದೆ ಕುಳಿತ ಹೆಂಗಸರ ಕಣ್ಣು ಶ್ವಾಸಕೋಶಗಳನ್ನು ಕೆಡಿಸಿತು. ಸೌದೆಗಾಗಿ ಕಾಡು ಸವೆಯಿತು. ಒಲೆಯನ್ನು ಮರಳಿ ತರಬೇಕಾಗಿಲ್ಲ. ಅದು ಮಾಡುತ್ತಿದ್ದ ಕೆಲಸಕ್ಕೆ ಬದಲಿ ಬೇಕು. ಎದುರುಬದುರಾದ ಗವಾಕ್ಷಿ ಅಥವಾ ಹಬೆಯನ್ನು ಹೊರದಬ್ಬುವ ಫ್ಯಾನು, ಸ್ನಾನಾನಂತರ ನೀರನ್ನು ಬಳಿದು ತೆಗೆಯುವ ಅಭ್ಯಾಸ, ಸೋರುವ ಕೊಳವೆಯ ದುರಸ್ತಿ ಇವೇ ಆ ಬದಲಿಗಳು. ಚೆಲುವೆಪುಡಿಯು ಕಲೆಯನ್ನು ಅಳಿಸಬಲ್ಲುದು, ತೇವವನ್ನು ಅಳಿಸಲಾರದು. ನಮ್ಮ ಪೂರ್ವಿಕರು ಬೂಷ್ಟಿನ ಶಾಸ್ತ್ರವನ್ನು ಅರಿತಿರಲಿಲ್ಲ, ಆದರೆ ಗೋಡೆ ಆರಬೇಕೆಂಬುದನ್ನು ಅರಿತಿದ್ದರು. ನಾವು ಶಾಸ್ತ್ರವನ್ನು ಅರಿತೂ ಗೋಡೆಯನ್ನು ಮರೆತಿದ್ದೇವೆ.